ಫ್ರಿಜ್ಜಿನ ಮೇಲೆ ಆರು ದಿನ

ನಗೋಯಾ ವಿಮಾನ ನಿಲ್ದಾಣ

ನನ್ನ ಫೋನಿನ ಪರದೆ ನೀಲಿಗೆ ತಿರುಗಲೇ ಇಲ್ಲ.

ಕೊರೋನಾಕ್ಕೆ ಹೆದರಿ ಎರಡೂವರೆ ವರ್ಷ ಮುಚ್ಚಿಕೊಂಡಿದ್ದ ಜಪಾನು ಪ್ರವಾಸಿಗಳಿಗೆ ಬಾಗಿಲು ತೆರೆದ ತಿಂಗಳೇ ನಾನು ಹೊರಟಿದ್ದೆ. ಮೂರು ಡೋಸಿನ ಲಸಿಕೆ ಪ್ರಮಾಣಪತ್ರವನ್ನು ಒಂದು ಆ್ಯಪಿಗೆ ಏರಿಸಬೇಕಿತ್ತು. ಅವರು ನೋಡಿ ಒಪ್ಪಿದರೆ ಪರದೆಯ ಬಣ್ಣ ಕೆಂಪಿನಿಂದ ಹಳದಿಗೆ, ಹಳದಿಯಿಂದ ನೀಲಿಗೆ ತಿರುಗುತ್ತದೆ. ನನ್ನ ಮುಂದಿದ್ದವರೆಲ್ಲ ನೀಲಿ ಫೋನು ಎತ್ತಿ ಹಿಡಿದು ನಡೆದುಹೋದರು. ನನ್ನದು ಹಳದಿಯಲ್ಲೇ ಕೂತಿತ್ತು. ಇಲ್ಲಿಂದಲೇ ವಾಪಸ್ ಕಳಿಸಿದರೆ ಏನು ಗತಿ ಎಂದು ಕಾಗದಗಳ ಫೈಲು ತೆಗೆದು ಹಿಡಿದುಕೊಂಡೆ.

ಗಾಜಿನ ಹಿಂದೆ ಕುಳಿತಿದ್ದ ಹುಡುಗಿ ನನ್ನ ಕಾಗದಗಳನ್ನು ತಿರುವಿ ನೋಡಿ ಕಾರಣ ಹುಡುಕಿದಳು. ಎರಡನೆಯ ಡೋಸಿನ ಪತ್ರವನ್ನೇ ಎರಡು ಸಲ ಏರಿಸಿ, ಮೂರನೆಯದನ್ನು ಬಿಟ್ಟಿದ್ದೆ. ತಪ್ಪು ನನ್ನದು, ಆದರೆ ‘ಸುಮಿಮಾಸೆನ್’ ಎಂದು ಮೂರು ಸಲ ಕ್ಷಮೆ ಕೇಳಿದವಳು ಅವಳು. ನನಗೆ ನಾಚಿಕೆಯಾಯಿತು. ಗ್ರಾಮ ಲೆಕ್ಕಾಧಿಕಾರಿಯಾಗಿ ಸೇರಿ ತಾಲ್ಲೂಕು ಕಚೇರಿಯ ಶಿರಸ್ತೇದಾರಳಾಗಿ ನಿವೃತ್ತಳಾದವಳು ನಾನು. ಅಡಕಗಳು ಸರಿಯಿಲ್ಲ ಎಂದು ಅದೆಷ್ಟು ಅರ್ಜಿ ಹಿಂದಿರುಗಿಸಿದ್ದೇನೋ, ಲೆಕ್ಕವಿಲ್ಲ. ಹೊರಗೆ ಕಾಯುತ್ತಿದ್ದ ಮಗಳು ಅನುವಿಗೆ ಮಾತ್ರ ಕ್ಯೂ ಉದ್ದವಿತ್ತು ಎಂದಷ್ಟೇ ಹೇಳಿದೆ.

ಒಂದು ಮೆಟ್ಟಿಲಿಗೆ ಎಂಟು ಮನೆ

ಮಗಳ ಮನೆ ಒಕಾಜಾಕಿಯಲ್ಲಿ. ಅಳಿಯ ಕಿರಣ ಅಲ್ಲಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಮೀನಿನ ಮಿದುಳನ್ನು ನೋಡುವ ಕೆಲಸದಲ್ಲಿದ್ದಾನೆ. ಮೊಮ್ಮಗಳು ತನ್ವಿ ಒಂದನೆಯ ಕ್ಲಾಸು. ನಾನು ಕನ್ನಡದಲ್ಲಿ ಕೇಳಿದ್ದು ಅವಳಿಗೆ ಪೂರಾ ಅರ್ಥವಾಗುತ್ತದೆ, ಉತ್ತರದಲ್ಲಿ ಮಾತ್ರ ಜಪಾನಿಯೋ ಇಂಗ್ಲಿಷೋ ಬೆರೆತೇ ಬರುತ್ತದೆ.

ಅವರಿರುವುದು ಲಿಫ್ಟಿಲ್ಲದ ಹಳೆಯ ಬಾಡಿಗೆ ಕಟ್ಟಡ. ಒಂದು ಮೆಟ್ಟಿಲಿಗೆ ಎಂಟು ಮನೆ. ಕೆಳಗೆ ಎರಡು, ಮೇಲೆ ಒಂದೊಂದು ಮಹಡಿಗೆ ಎರಡೆರಡರಂತೆ ಮೂರು ಮಹಡಿ. ನಾವು ಮೊದಲ ಮಹಡಿ. ಈ ಎಂಟು ಮನೆಗೂ ಸೇರಿ ಒಬ್ಬ ಮುಖಂಡ, ವರ್ಷಕ್ಕೊಬ್ಬರಂತೆ ಸರದಿ. ಈ ವರ್ಷ ಕೆಳಮನೆಯ ಹಯಾಶಿ ಸಾನ್, ಅಂದರೆ ಹಯಾಶಿಯವರು. ಕಾರಿನ ಬಿಡಿಭಾಗಗಳ ಫ್ಯಾಕ್ಟರಿಯಲ್ಲಿ ದುಡಿದು ನಿವೃತ್ತರಾದ, ಎಪ್ಪತ್ತು ದಾಟಿದ ಸಣಕಲು ಮನುಷ್ಯ. ಅವರ ಎದುರಿನ ಕೆಳಮನೆ ಖಾಲಿಯಿತ್ತು.

ಬಂದ ಮೂರನೆಯ ದಿನ ನಾನೊಂದು ಸಮಸ್ಯೆ ತಂದಿಟ್ಟೆ. ಅಲ್ಲಿ ಕಸವನ್ನು ವಾರಕ್ಕೆ ತಕ್ಕಂತೆ, ಬಗೆಗೆ ತಕ್ಕಂತೆ ಬೇರೆ ಮಾಡಿ ಇಡಬೇಕು. ನಾನು ತೆಂಗಿನಕಾಯಿ ಒಡೆದು ಚಟ್ನಿ ಮಾಡಿದ್ದೆ. ಚಿಪ್ಪು ಸುಡುವ ಕಸವೋ, ಸುಡದ ಕಸವೋ? ಕಸದ ಕಟ್ಟೆಯ ಮುಂದೆ ಹಯಾಶಿ ಸಾನ್ ಚಿಪ್ಪನ್ನು ಕೈಯಲ್ಲಿ ಹಿಡಿದು ತಟ್ಟಿ ನೋಡಿದರು, ಮೂಸಿದರು, ಕೊನೆಗೆ ನಗರ ಕಚೇರಿಗೆ ಫೋನು ಮಾಡಿದರು. ನಮ್ಮೂರಲ್ಲಾದರೆ ಬಚ್ಚಲ ಒಲೆಗೆ ಎಸೆದು ಮರೆಯುವ ವಸ್ತುವಿಗೆ ಮುಖಂಡರದೂ ನಗರ ಕಚೇರಿಯದೂ ಅಭಿಪ್ರಾಯ ಬೇಕಾಯಿತು. ಪಕ್ಕದಲ್ಲಿ ಕಸದ ಚೀಲ ಹಿಡಿದು ನಿಂತಿದ್ದ ಹೆಂಗಸೊಬ್ಬಳು ಮಾಸ್ಕಿನೊಳಗೇ ಜೋರಾಗಿ ನಕ್ಕಳು. ಜಪಾನಿನಲ್ಲಿ ನಾನು ಕೇಳಿದ ಮೊದಲ ಜೋರು ನಗು ಅದು.

ಮೂರನೆಯ ಮಹಡಿ

ಅವಳು ಒಕ್ಸಾನಾ. ಯುಕ್ರೇನಿನವಳು, ನಲವತ್ತೈದರ ಆಸುಪಾಸು. ಯುದ್ಧ ಶುರುವಾದ ಮೇಲೆ ವಸಂತದಲ್ಲಿ ಬಂದಿದ್ದಳು, ಮೇಲಿನ ಮಹಡಿಯಲ್ಲಿ ಅವಳಿಗೊಂದು ಮನೆ ಕೊಟ್ಟಿದ್ದರು. ಅವಳ ಇಂಗ್ಲಿಷು ನನ್ನದರಷ್ಟೇ ಮೋಟು. ಸಿಕ್ಕಿಕೊಂಡಲ್ಲಿ ಫೋನಿನ ಅನುವಾದ, ಅದೂ ಸೋತಲ್ಲಿ ಕೈಸನ್ನೆ.

ಊರಲ್ಲಿ ಏನು ಕೆಲಸ ಎಂದು ಕೇಳಿದೆ. ಗ್ರಾಮ ಕಚೇರಿಯ ಕಾರ್ಯದರ್ಶಿ ಎಂದಳು. ನನಗೆ ನಮ್ಮ ಇಲಾಖೆಯವಳೇ ಸಿಕ್ಕಿದಷ್ಟು ಖುಷಿಯಾಯಿತು. ಅಂದಿನಿಂದ ದಿನಾ ಮಧ್ಯಾಹ್ನ ನಾನು ಮಂಡಿ ಹಿಡಿದುಕೊಂಡು ಎರಡು ಮಹಡಿ ಹತ್ತುತ್ತಿದ್ದೆ.

ಅವಳ ಕಚೇರಿಯಲ್ಲಿ ಮನೆಗೊಂದು ಪುಟದ ದಪ್ಪ ಪುಸ್ತಕವಿತ್ತಂತೆ. ಯಾರ ಮನೆಯಲ್ಲಿ ಎಷ್ಟು ಜನ, ಯಾರು ಹುಟ್ಟಿದರು, ಯಾರು ಪಟ್ಟಣಕ್ಕೆ ಹೋದರು, ಹಸು ಇದೆಯೇ, ಆಲೂಗಡ್ಡೆ ಹೊಲ ಎಷ್ಟು, ಎಲ್ಲ ಅದರಲ್ಲಿ. ನಮ್ಮ ಪಹಣಿಯನ್ನೂ ಜನಗಣತಿಯ ಹಾಳೆಯನ್ನೂ ಒಟ್ಟಿಗೆ ಹೊಲಿದ ಹಾಗೆ. ಅವಳ ಹಳ್ಳಿಗಳೆಲ್ಲ ಸೇರಿ ಒಂದು ಜಿಲ್ಲೆಯಾಗಿತ್ತು, ‘ರಯಾನ್’ ಅನ್ನುತ್ತಾರೆ, ನಮ್ಮ ತಾಲ್ಲೂಕಿನಷ್ಟು. ಯುದ್ಧಕ್ಕೆ ಎರಡು ವರ್ಷ ಮುಂಚೆ ಸರ್ಕಾರ ಸಣ್ಣ ಜಿಲ್ಲೆಗಳನ್ನೆಲ್ಲ ಒಟ್ಟುಗೂಡಿಸಿ ದೊಡ್ಡದು ಮಾಡಿತು. ಅವಳ ಜಿಲ್ಲೆ ಇಲ್ಲವಾಯಿತು. ಕಚೇರಿ ದೂರದ ಪಟ್ಟಣಕ್ಕೆ ಹೋಯಿತು. ಜನ ಕಡಿಮೆಯಾದರು, ಅದಕ್ಕೇ ಕೂಡಿಸಿದರು ಎಂದಳು.

“ನಮ್ಮಲ್ಲಿ ಉಲ್ಟಾ. ಹೊಸ ತಾಲ್ಲೂಕು ಬೇಕು ಅಂತ ಅಂಗಡಿ ಮುಚ್ಚಿಸಿ ಬಂದ್ ಮಾಡ್ತಾರೆ. ಒಡೀತಾನೇ ಇರ್ತೀವಿ,” ಎಂದೆ.

“ನಿಮ್ಮಲ್ಲಿ ಜನ ಇದ್ದಾರೆ,” ಎಂದಳು ಒಕ್ಸಾನಾ.

ಹಯಾಶಿ ಸಾನ್ ಅವರ ಹುಟ್ಟೂರೂ ಹಾಗೆಯೇ ನಗರಕ್ಕೆ ಸೇರಿಹೋಯಿತೆಂದು, ಅವರು ಓದಿದ ಶಾಲೆಗೆ ಈಗ ಬೀಗವೆಂದು ಅನು ಆಮೇಲೆ ಹೇಳಿದಳು.

ಒಕ್ಸಾನಾಳ ಬಳಿ ಒಂದು ನೋಟ್‌ಬುಕ್ಕಿತ್ತು. ದೊಡ್ಡ ಪುಸ್ತಕವನ್ನು ಹೊತ್ತು ತರಲಾಗದೆ, ನೆನಪಿನಿಂದಲೇ ಬೀದಿಬೀದಿಯನ್ನೂ ಅದರಲ್ಲಿ ಬರೆದಿಟ್ಟಿದ್ದಳು. ದಿನಾ ಮೂರು ಗಂಟೆಗೆ, ಅಲ್ಲಿ ಆಗ ಬೆಳಗ್ಗೆ, ಊರಿನ ಯಾರಿಗಾದರೂ ಫೋನು ಮಾಡಿ ಇಂದು ಯಾರಿದ್ದಾರೆ ಯಾರು ಹೋದರು ಎಂದು ಕೇಳಿ ಗುರುತು ಹಾಕುತ್ತಿದ್ದಳು. ಇದನ್ನು ಯಾರೂ ಅವಳಿಂದ ಕೇಳಿರಲಿಲ್ಲ, ಸಂಬಳವೂ ಇರಲಿಲ್ಲ. ಕರೆಂಟು ಹೋದ ದಿನ ಫೋನು ಹತ್ತುತ್ತಿರಲಿಲ್ಲ. ಆ ದಿನಗಳಲ್ಲಿ ಅವಳು ಪೆನ್ನು ಹಿಡಿದು ಸುಮ್ಮನೆ ಕೂತಿರುವುದನ್ನು ನೋಡಲು ನನಗೆ ಸಂಕಟವಾಗುತ್ತಿತ್ತು.

ಆ ಪಟ್ಟಿಯಿಂದ ಇತ್ತೀಚೆಗೆ ಹೊರಟ ಹೆಸರು ಅವಳ ತಾಯಿಯದೇ. ಹಾಲಿನಾ ಎಂದು, ಎಪ್ಪತ್ತೆಂಟು ವರ್ಷ. ಚಳಿಗಾಲ ಹತ್ತಿರವಾಗಿ, ಹಳ್ಳಿಯಲ್ಲಿ ಕರೆಂಟು ನಿಂತು, ಎಂಟು ತಿಂಗಳು ಹಟ ಹಿಡಿದಿದ್ದ ಮುದುಕಿ ಅಂತೂ ಪೋಲೆಂಡಿನ ವಾರ್ಸಾದಲ್ಲಿದ್ದ ಸಂಬಂಧಿಯ ಮನೆವರೆಗೆ ಬಂದಿದ್ದಳು. ಆದರೆ ಒಂದು ಷರತ್ತು. ಆಕೆಯ ಸೊಂಟದ ಮೂಳೆ ಹಿಂದೆ ಮುರಿದಿತ್ತು. ಮೂರು ಮಹಡಿ ಹತ್ತಿಸಿ ಗೂಡಿನಲ್ಲಿ ಕೂರಿಸುವುದಾದರೆ ನಾನು ಬರುವುದಿಲ್ಲ, ವಾಪಸ್ ಊರಿಗೇ ಹೋಗುತ್ತೇನೆ ಎಂದಿದ್ದಳು.

“ಹೋಗಿಯೇ ಬಿಡ್ತಾಳೆ. ನನಗೆ ಗೊತ್ತು ಅವಳು,” ಎಂದಳು ಒಕ್ಸಾನಾ.

ಅದಕ್ಕಾಗಿ ಖಾಲಿಯಿರುವ ಕೆಳಮನೆಯನ್ನು ಬದಲಿಗೆ ಕೇಳಿದ್ದಳು. ಕಟ್ಟಡ ನೋಡಿಕೊಳ್ಳುವ ವಸತಿ ಕಚೇರಿಯವರು ಒಪ್ಪುವ ಹಾಗಿದ್ದರು. ಮೆಟ್ಟಿಲಿನವರ ಅಭಿಪ್ರಾಯ ಕೇಳಬೇಕು, ಅದೊಂದು ಬಾಕಿ ಎಂದಳು. ಅದು ಹೇಗೆ ಕೇಳುತ್ತಾರೆಂದು ನಾನು ವಿಚಾರಿಸಲಿಲ್ಲ.

ಶುಕ್ರವಾರ

ಶುಕ್ರವಾರ ಸಂಜೆ ನಮ್ಮ ಬಾಗಿಲ ಹಿಡಿಗೆ ಪ್ಲಾಸ್ಟಿಕ್ ಚೀಲವೊಂದು ತೂಗುತ್ತಿತ್ತು. ಒಳಗೆ ಪರೀಕ್ಷೆಗೆ ಮಕ್ಕಳು ಒಯ್ಯುವಂಥ ರಟ್ಟು, ಅದಕ್ಕೆ ಕ್ಲಿಪ್ಪು ಹಾಕಿದ ಎರಡು ಮೂರು ಜಪಾನಿ ಹಾಳೆ, ಮೇಲೊಂದು ಚೀಟಿ. ಚೀಟಿಯಲ್ಲಿ ಮನೆಗೊಂದು ಚೌಕ. ಎರಡು ಚೌಕಗಳಲ್ಲಿ ಕೆಂಪು ದುಂಡು ಮೊಹರು ಬಿದ್ದಿತ್ತು, ನಮ್ಮದು ಖಾಲಿ. ಕಡತ ಯಾರ ಮೇಜಿನಿಂದ ಯಾರ ಮೇಜಿಗೆ ಹೋಯಿತು ಎಂದು ಬರೆದಿಡುವ ಪದ್ಧತಿ ನನಗೇನು ಹೊಸದೇ? ನೋಡಿದ ಕೂಡಲೇ ಅರ್ಥವಾಯಿತು.

“ಅಜ್ಜಿ, ಕೈರಾನ್‌ಬಾನ್! ಹಾಂಕೋ ಒತ್ತಿ ನೆಕ್ಸ್ಟ್ ಹೌಸ್‌ಗೆ,” ಎಂದು ತನ್ವಿ ಮೊಹರನ್ನೇ ತಂದುಕೊಟ್ಟಳು. ಸುತ್ತೋಲೆ, ಮೊಹರು ಒತ್ತಿ ಮುಂದಿನ ಮನೆಗೆ ಕೊಡಬೇಕು ಎಂದರ್ಥ.

“ಏನು ಬರೆದಿದೆ ಓದು ನೋಡೋಣ.”

ಅವಳು ಹಾಳೆ ನೋಡಿ ತಲೆಯಾಡಿಸಿದಳು. ಅಷ್ಟು ದೊಡ್ಡ ಅಕ್ಷರಗಳನ್ನು ಇನ್ನೂ ಕಲಿಸಿರಲಿಲ್ಲ.

“ಓದದೆ ಸಹಿ ಹಾಕಬಾರದು, ಪುಟ್ಟಿ. ಅಪ್ಪ ಬರಲಿ,” ಎಂದೆ.

“ದಮೇ, ಅಜ್ಜಿ. ಕ್ವಿಕ್ ಕೊಡ್ಬೇಕು,” ಎಂದು ಮಗು ಕಾಲು ಕುಟ್ಟಿತು. ದಮೇ ಎಂದರೆ ಕೂಡದು; ಹಾಗೆಲ್ಲ ಇಟ್ಟುಕೊಳ್ಳಬಾರದೆಂದು ಅವಳಿಗೆ ಗೊತ್ತಿತ್ತು.

ಇದು ನನ್ನ ಸರ್ವೀಸಿನ ನಿಯಮ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಓದದೆ ಸಹಿ ಹಾಕಿ ಸಾಹೇಬರಿಂದ ಎಲ್ಲರೆದುರು ಬೈಸಿಕೊಂಡಿದ್ದೆ. ಆಮೇಲೆ ನಿವೃತ್ತಿಯವರೆಗೆ ಒಂದು ಹಾಳೆಯೂ ಓದದೆ ನನ್ನ ಮೇಜು ದಾಟಿಲ್ಲ. ಕಡತ ನಿಧಾನ ಎಂದು ಜನ ಗೊಣಗುತ್ತಿದ್ದರು, ಗೊಣಗಲಿ ಎಂದುಕೊಳ್ಳುತ್ತಿದ್ದೆ. ಮನೆಯ ಯಜಮಾನ ನೋಡಿ ಮೊಹರು ಒತ್ತಲಿ ಎಂದು ರಟ್ಟನ್ನು ಫ್ರಿಜ್ಜಿನ ಮೇಲೆ ಜೋಪಾನವಾಗಿ ಇಟ್ಟೆ.

ಅಡ್ಡಬಿದ್ದ ಮನೆ

ಕಿರಣ ಆ ರಾತ್ರಿ ತಡವಾಗಿ ಬಂದು ನೇರ ಮಲಗಿದ, ಮರುದಿನ ಬೆಳಗ್ಗೆ ಜ್ವರ. ಮನೆಯಲ್ಲೇ ಪರೀಕ್ಷೆ ಮಾಡಿದರೆ ಎರಡು ಗೆರೆ. ಅವನಿಗೆ ಒಂದು ವಾರ, ನಮಗೆಲ್ಲ ಐದು ದಿನ ಹೊರಗೆ ಕಾಲಿಡುವಂತಿಲ್ಲ. ಅವನು ಒಂದು ಕೋಣೆ ಸೇರಿ ಬಾಗಿಲು ಹಾಕಿಕೊಂಡ.

ನನಗೆ ಅರವತ್ತೊಂದು ವರ್ಷ, ಸಕ್ಕರೆ ಕಾಯಿಲೆ ಬೇರೆ. ಪರದೇಶದಲ್ಲಿ ಏನಾದರೂ ಆದರೆ ಎಂಬ ಯೋಚನೆ ಕೊರೆಯತೊಡಗಿತು. ಗಂಟೆಗೊಮ್ಮೆ ಬೆರಳಿಗೆ ಆಕ್ಸಿಜನ್ ಮೀಟರು ಸಿಕ್ಕಿಸಿಕೊಂಡು ನೋಡುತ್ತಿದ್ದೆ. ಅನು ಒಂದು ಕೈಯಲ್ಲಿ ಕಚೇರಿಯ ಮೀಟಿಂಗು, ಇನ್ನೊಂದರಲ್ಲಿ ಗಂಡನಿಗೆ ಗಂಜಿ ಹಿಡಿದು ಓಡಾಡುತ್ತಿದ್ದಳು. ಅವಳ ಮುಖ ನೋಡಿದರೆ ಏನು ಹೇಳಲೂ ಮನಸ್ಸಾಗುತ್ತಿರಲಿಲ್ಲ. ರಟ್ಟು ಎರಡು ಸಲ ಕಣ್ಣಿಗೆ ಬಿತ್ತು. ಒಮ್ಮೆ, ಸಹಿ ಮಾಡಬೇಕಾದವನು ಮಲಗಿದ್ದಾನಲ್ಲ ಎಂದುಕೊಂಡೆ. ಇನ್ನೊಮ್ಮೆ, ಸೋಂಕಿನ ಮನೆಯ ಕಾಗದವನ್ನು ಬೇರೆಯವರ ಕೈಗೆ ಕೊಡುವುದು ಸರಿಯೇ ಎನ್ನಿಸಿತು. ಕಾರಣಗಳು ಹುಡುಕದೆಯೇ ಸಿಕ್ಕವು.

ಮಂಗಳವಾರ ಬಾಗಿಲು ತಟ್ಟಿದ ಸದ್ದಾಯಿತು. ತೆಗೆದಾಗ ಯಾರೂ ಇರಲಿಲ್ಲ. ಹೊಸ್ತಿಲ ಬಳಿ ಮುಚ್ಚಿದ ಪಾತ್ರೆಯಲ್ಲಿ ಬಿಸಿ ಬೀಟ್‌ರೂಟ್ ಸಾರು, ಮೇಲೆ ಇಂಗ್ಲಿಷಿನ ಚೀಟಿ: ‘ಮಾಂಸ ಇಲ್ಲ. ಒಕ್ಸಾನಾ.’ ಕಿರಣನದು ಕೋಣೆಗೇ ಹೋಯಿತು, ನಾವು ಮೂವರೂ ಅನ್ನಕ್ಕೆ ಕಲಸಿಕೊಂಡು ಊಟ ಮಾಡಿದೆವು. ಊಟ ಮಾಡುವಾಗ ನಾನು ಕೂತಿದ್ದದ್ದು ಫ್ರಿಜ್ಜಿನ ಎದುರಿಗೇ.

ಗುರುವಾರ

ಗುರುವಾರ ಸಂಜೆ ಹಯಾಶಿ ಸಾನ್ ಬಂದರು. ಬಾಗಿಲಿಂದ ಎರಡು ಮೆಟ್ಟಿಲು ಕೆಳಗೆ ನಿಂತು, ಅನುವಿಗೆ ಬಗ್ಗಿ ಬಗ್ಗಿ ಏನೋ ಹೇಳಿದರು. ಅವಳು ಒಳಗೆ ಬಂದಳು.

“ಅಮ್ಮ, ಕೈರಾನ್‌ಬಾನ್ ಏನಾದ್ರೂ ಬಂದಿತ್ತಾ? ಕಾಯಿಲೆ ಟೈಮಲ್ಲಿ ತೊಂದ್ರೆ ಕೊಡ್ತಿದೀನಿ, ನಾನೇ ಮೊದಲೇ ವಿಚಾರಿಸ್ಬೇಕಿತ್ತು, ಸಾರಿ ಅಂತ ನಾಲ್ಕು ಸಲ ಹೇಳ್ತಿದಾರೆ ಪಾಪ.”

ನಾನು ಫ್ರಿಜ್ಜಿನ ಮೇಲಿಂದ ರಟ್ಟು ಇಳಿಸಿ ಕೊಟ್ಟೆ. ಅವಳು ನಿಂತಲ್ಲೇ ಓದಿದಳು.

“ಇದು ಯಾವಾಗ ಬಂತು?”

“ಶುಕ್ರವಾರ.”

“ಆರು ದಿನ ಆಯ್ತಲ್ಲಮ್ಮ! ಒಕ್ಸಾನಾ ತಾಯಿಗೆ ಕೆಳಮನೆ ಕೊಡೋದಕ್ಕೆ ಅಬ್ಜೆಕ್ಷನ್ ಇದೆಯಾ ಅಂತ ಕೇಳಿರೋದು ಇದು. ಕೊರೋನಾ ಅಂತ ಮೀಟಿಂಗ್ ಇಲ್ಲ, ಅದಕ್ಕೆ ಪೇಪರ್ ಕಳ್ಸಿದಾರೆ. ಎಲ್ಲಾ ಮನೆದೂ ಮೊಹರು ಬೇಕು. ನಾಳೆ ಐದು ಗಂಟೆಗೆ ಲಾಸ್ಟು. ಇಲ್ಲಾಂದ್ರೆ ಮನೆ ಬೇರೆಯವ್ರಿಗೆ ಹೋಗತ್ತೆ.”

ಅನು ಮೊಹರು ಒತ್ತಿ, ಹಾಳೆಗೆಲ್ಲ ಸ್ಯಾನಿಟೈಸರು ಸಿಂಪಡಿಸಿ ಹೊರಗಿಟ್ಟಳು. ಹಯಾಶಿ ಸಾನ್ ಕೈಗವಸು ಹಾಕಿಕೊಂಡು ಅದನ್ನೆತ್ತಿ ಮೇಲೆ ಹೋದರು. ಒಕ್ಸಾನಾಳದೂ ಸೇರಿ ನಾಲ್ಕು ಮನೆ ಬಾಕಿ. ಮೂರು ಮೊಹರು ಆ ಸಂಜೆಯೇ ಬಿತ್ತು. ನಾಲ್ಕನೆಯವನು ಲಾರಿ ಡ್ರೈವರು, ಒಂಟಿ ಮನುಷ್ಯ. ಗುರುವಾರ ಬೆಳಗ್ಗೆ ತಾನೇ ಲೋಡು ಹಾಕಿಕೊಂಡು ಹೋಗಿದ್ದ, ಬರುವುದು ಶುಕ್ರವಾರ ಮಧ್ಯಾಹ್ನದ ಮೇಲೆ. ಬುಧವಾರದವರೆಗೆ ಅವನು ಮನೆಯಲ್ಲೇ ಇದ್ದನೆಂದು ಆಮೇಲೆ ತಿಳಿಯಿತು.

ವಸತಿ ಕಚೇರಿ

ಶುಕ್ರವಾರಕ್ಕೆ ನಮ್ಮ ಐದು ದಿನ ಮುಗಿದಿತ್ತು. ಮಧ್ಯಾಹ್ನ ಎರಡರಿಂದಲೇ ನಾನು ಮೆಟ್ಟಿಲ ಬುಡದಲ್ಲಿ ನಿಂತೆ. ಹಯಾಶಿ ಸಾನ್ ಮಡಚುವ ಕುರ್ಚಿ ತಂದುಕೊಟ್ಟರು, ಕೂರಲು ಆಗಲಿಲ್ಲ. ಮೂರಾಯಿತು, ನಾಲ್ಕಾಯಿತು. ದಾರಿಯಲ್ಲಿ ಬಂದ ಒಂದೊಂದು ಲಾರಿಯ ಸದ್ದಿಗೂ ಬೀದಿಗೆ ಹೋಗಿ ನೋಡಿ ಬರುತ್ತಿದ್ದೆ. ಡ್ರೈವರು ಬಂದದ್ದು ನಾಲ್ಕು ಮುಕ್ಕಾಲಿಗೆ. ಚಪ್ಪಲಿ ಬಿಚ್ಚುವ ಮೊದಲೇ ಮೊಹರು ಒತ್ತಿಕೊಟ್ಟ, ಪುಣ್ಯಾತ್ಮ.

ಹಯಾಶಿ ಸಾನ್ ಕಾರಿನಲ್ಲಿ ನಾನೂ ಅನುವೂ ಹೊರಟೆವು. ದಾರಿಯಲ್ಲಿ ಸಿಕ್ಕ ಕೆಂಪು ದೀಪಗಳನ್ನೆಲ್ಲ ನಾನು ಬೈದೆ. ಅವರು ಮಾತ್ರ ಒಂದು ದೀಪವನ್ನೂ ಹಾರಿಸಲಿಲ್ಲ. ತಲುಪಿದಾಗ ಐದು ಗಂಟೆ ಎಂಟು ನಿಮಿಷ. ಗುಮಾಸ್ತ ಕೌಂಟರಿನ ಪರದೆ ಎಳೆಯುತ್ತಿದ್ದ.

ಹಯಾಶಿ ಸಾನ್ ಸೊಂಟ ಮುರಿದುಹೋಗುವಷ್ಟು ಬಗ್ಗಿದರು. ಬಹಳ ಹೊತ್ತು ಮೇಲೇಳಲಿಲ್ಲ. ಏನು ಹೇಳುತ್ತಿದ್ದಾರೆ ಎಂದು ಅನುವನ್ನು ಕೇಳಿದೆ.

“ಮುಖಂಡ ನಾನು, ಸರಿಯಾಗಿ ನೋಡ್ಕೊಳ್ಳಲಿಲ್ಲ, ತಡ ಆಗಿದ್ದು ನನ್ನಿಂದ ಅಂತಿದಾರೆ.”

“ಅವರಿಂದ ಅಲ್ಲ ಅಂತ ಹೇಳು.”

“ಸುಮ್ನಿರಮ್ಮ. ಈಗ ಬಾಯಿ ಹಾಕಿದ್ರೆ ಎಲ್ಲಾ ಮೊದಲಿಂದ ಶುರುವಾಗತ್ತೆ.”

ಗುಮಾಸ್ತ ಗಡಿಯಾರ ನೋಡಿದ, ಹಾಳೆ ನೋಡಿದ, ಒಳಗೆ ಹೋಗಿ ಬಂದ. ಕೊನೆಗೆ ಖಾಲಿ ನಮೂನೆಯೊಂದನ್ನು ಮುಂದಿಟ್ಟ. ತಡವಾದದ್ದಕ್ಕೆ ಲಿಖಿತ ಸಮಜಾಯಿಷಿ. ಅದನ್ನು ಅನುವಾದಿಸಿ ಹೇಳುವ ಅಗತ್ಯವಿರಲಿಲ್ಲ, ಅಂಥವನ್ನು ನಾನು ಎಷ್ಟೋ ಜನರಿಂದ ಬರೆಸಿಕೊಂಡಿದ್ದೇನೆ. ಮೇಲಿನಿಂದ ಜೋರಾದಾಗಲೆಲ್ಲ ಕೆಳಗಿನವರ ಹೆಸರಿಗೆ ತಡವನ್ನು ದಾಟಿಸಿದ್ದೇನೆ. ಹಯಾಶಿ ಸಾನ್ ಕನ್ನಡಕ ಹಾಕಿಕೊಂಡು, ಮುತ್ತಿನಂಥ ಅಕ್ಷರದಲ್ಲಿ ಅರ್ಧ ಪುಟ ಬರೆದು, ತಮ್ಮ ಹೆಸರಿನ ಮುಂದೆ ಮೊಹರು ಒತ್ತಿದರು. ಗುಮಾಸ್ತ ಎಲ್ಲ ಹಾಳೆಗಳನ್ನೂ ಒಳಗೆ ತೆಗೆದುಕೊಂಡ. ಮನೆ ಸಿಕ್ಕಿತಲ್ಲ ಎಂಬ ಸಮಾಧಾನದ ಜೊತೆಗೆ, ನನ್ನ ಹೆಸರು ಎಲ್ಲೂ ಬರಲಿಲ್ಲವಲ್ಲ ಎಂಬ ಸಮಾಧಾನವೂ ಇತ್ತು. ಅದನ್ನು ಈಗ ಬರೆಯುವಾಗಲೂ ಮುಖ ಬಿಸಿಯಾಗುತ್ತದೆ.

ಕೆಳಮನೆ

ಶನಿವಾರ ಬೆಳಗ್ಗೆ ಒಕ್ಸಾನಾಳಿಗೆ ಕೀಲಿ ಸಿಕ್ಕಿತು. ಹಯಾಶಿ ಸಾನ್ ಅವಳ ಮನೆಗೂ ಹೋಗಿ ಬಗ್ಗಿ ಕ್ಷಮೆ ಕೇಳಿ ಬಂದರಂತೆ. ಆ ಮಧ್ಯಾಹ್ನ ಅವಳು ಮೆಟ್ಟಿಲಿಳಿದು ಅವರ ಮುಂದೆಯೇ ಹಾದುಹೋದಳು. ಅವರು ತಲೆಬಾಗಿಸಿದರು, ಅವಳು ನೋಡಲೂ ಇಲ್ಲ. ನಾನು ಕಿಟಕಿಯಲ್ಲಿ ನಿಂತು ಇದನ್ನೆಲ್ಲ ನೋಡಿದೆ. ನನ್ನನ್ನು ಕಂಡು ಮಾತ್ರ ಕೈಬೀಸಿ ನಕ್ಕಳು.

ಸೋಮವಾರ ನನ್ನ ವಿಮಾನ. ಹಾಲಿನಾ ಬರುವುದು ಬುಧವಾರ. ಸುಮ್ಮನೆ ಇದ್ದುಬಿಟ್ಟರೆ ಎಲ್ಲ ಸಲೀಸಾಗಿ ಮುಗಿಯುತ್ತಿತ್ತು. ಅನುವೂ ಅದನ್ನೇ ಹೇಳಿದಳು.

“ಮನೆ ಸಿಕ್ತಲ್ಲ, ಬಿಡು. ಹಯಾಶಿ ಸಾನ್ ಹೇಳ್ಬೇಡಿ ಅಂತಿದಾರೆ.”

ಆದರೆ ಸೂಟ್‌ಕೇಸಿಗೆ ಬಟ್ಟೆ ತುಂಬುತ್ತಿದ್ದ ನನ್ನ ಕೈ ನಿಂತು ನಿಂತು ಹೋಗುತ್ತಿತ್ತು. ಭಾನುವಾರ ಬೆಳಗ್ಗೆ ತಿಂಡಿಯನ್ನೂ ತಿನ್ನದೆ ಕೆಳಗಿಳಿದೆ.

ಕೆಳಮನೆಯ ಬಾಗಿಲು ತೆರೆದಿತ್ತು. ಒಕ್ಸಾನಾ ತಲೆಗೆ ಬಟ್ಟೆ ಕಟ್ಟಿಕೊಂಡು ನೆಲ ಒರೆಸುತ್ತಿದ್ದಳು. ನಾನು ಹೊಸ್ತಿಲಾಚೆಯೇ ನಿಂತು, ಮನಸ್ಸಿನಲ್ಲಿ ನಾಲ್ಕು ಸಲ ಜೋಡಿಸಿಕೊಂಡಿದ್ದ ಇಂಗ್ಲಿಷಿನಲ್ಲಿ ಹೇಳಿದೆ. ಕಾಗದ ಹಯಾಶಿ ಸಾನ್ ಹತ್ತಿರ ತಡವಾಗಲಿಲ್ಲ. ನನ್ನ ಹತ್ತಿರ ಇತ್ತು. ಆರು ದಿನ. ಓದಲು ಬರಲಿಲ್ಲ, ಯಾರನ್ನೂ ಕೇಳಲಿಲ್ಲ.

ಅವಳು ಬಟ್ಟೆ ಹಿಂಡುವುದನ್ನು ನಿಲ್ಲಿಸಿದಳು.

“ಆರು ದಿನ,” ಎಂದಳು. ಆಮೇಲೆ ಫೋನು ತೆಗೆದು ತನ್ನ ಭಾಷೆಯಲ್ಲಿ ನಿಧಾನವಾಗಿ ಮಾತಾಡಿ, ಅದು ಇಂಗ್ಲಿಷಿನಲ್ಲಿ ಹೇಳುವುದನ್ನು ನನಗೆ ಕೇಳಿಸಿದಳು. ಆ ಆರು ದಿನಗಳಲ್ಲಿ ತಾಯಿ ಎರಡು ಸಲ ಚೀಲ ಕಟ್ಟಿಕೊಂಡು ವಾರ್ಸಾದ ಬಸ್ ನಿಲ್ದಾಣಕ್ಕೆ ಹೋಗಿದ್ದಳಂತೆ, ಊರಿಗೆ ಟಿಕೆಟು ಕೊಡಿ ಎಂದು. ಎರಡು ಸಲವೂ ಸಂಬಂಧಿ ಹಿಂದೆ ಓಡಿಹೋಗಿ ಕರೆತಂದಿದ್ದ. ಎರಡನೆಯ ಸಲ ಆಕೆ ಬಸ್ಸಿನೊಳಗೆ ಕೂತಾಗಿತ್ತು.

ತಪ್ಪಾಯಿತು ಎಂದೆ, ಕನ್ನಡದಲ್ಲಿ. ಕಣ್ಣಲ್ಲಿ ನೀರು ಬಂತು.

ಒಕ್ಸಾನಾ ಎದ್ದು ಹೊರಗೆ ಹೋದಳು. ಎದುರು ಮನೆಯ ಕರೆಗಂಟೆ ಒತ್ತಿದ ಸದ್ದು, ಹಯಾಶಿ ಸಾನ್ ಬಾಗಿಲು ತೆಗೆದ ಸದ್ದು ಕೇಳಿಸಿತು. ಅವಳೇನೋ ಹೇಳಿದಳು, ಅವರೇನೋ ಹೇಳಿದರು. ಬಹಳ ಹೊತ್ತಾಗಲಿಲ್ಲ. ವಾಪಸ್ ಬಂದವಳು ನನ್ನ ಮುಖವನ್ನು ನೋಡದೆ ಬಕೆಟ್ಟಿನಿಂದ ಇನ್ನೊಂದು ಬಟ್ಟೆ ಎತ್ತಿ ಹಿಂಡಿ, ನನ್ನ ಕೈಗೆ ಕೊಟ್ಟಳು.

“ಕಿಟಕಿ,” ಎಂದಳು. “ಎಲ್ಲಾ ಕಿಟಕಿ ನಿಮ್ಮದು.”

ಚಪ್ಪಲಿ ಬಿಟ್ಟು ಒಳಗೆ ಹೋದೆ. ಒಟ್ಟು ಐದು ಕಿಟಕಿ, ವರ್ಷಗಟ್ಟಲೆ ಧೂಳು. ಮಂಡಿ ನೋಯುತ್ತಿತ್ತು, ಯಾರೂ ಸಾಕು ಎನ್ನಲಿಲ್ಲ, ನಾನೂ ಕೇಳಲಿಲ್ಲ. ಮೂವತ್ತೈದು ವರ್ಷದ ನೌಕರಿಯಲ್ಲಿ ನನ್ನ ಮೇಜಿನ ಮೇಲೆ ಎಷ್ಟು ಕಡತಗಳು ಕೂತಿದ್ದವೋ ಗೊತ್ತಿಲ್ಲ. ಹಾಗೆ ಕಾದವರೊಬ್ಬರ ಮನೆಯೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು.